ಎರಡು ಪೆಟ್ಟಿಗೆಗಳ ನಡುವೆ

"ಎರಡರಲ್ಲಿ ಯಾವುದು ಬೇಕೋ ಆರಿಸಿಕೋ" ಎನ್ನುವವರು ನಮಗೆ ದೊಡ್ಡ ಉಪಕಾರ ಮಾಡುತ್ತಿದ್ದೇವೆಂದು ತಿಳಿದಿರುತ್ತಾರೆ. ಒಂದೇ ಇದ್ದರೆ ಕೊಳ್ಳಬಹುದು, ಇಲ್ಲವೇ ಬಿಡಬಹುದು. ಎರಡಿದ್ದರೆ, ಎರಡನ್ನೂ ಕೊಳ್ಳಲಾಗದೆ ಒಂದನ್ನೂ ಬಿಡಲಾಗದೆ ನಿದ್ದೆಗೆಡಬೇಕು. ಹೋಟೆಲಿನ ಮಾಣಿ ಬಂದು ಖಾಲಿ ದೋಸೆಯೋ ಮಸಾಲೆ ದೋಸೆಯೋ ಎಂದಾಗ ನಾನು ಎಂದೂ ತಡವರಿಸಿದವನಲ್ಲ. ಪಿ.ಯು.ಸಿ. ಮುಗಿದ ಮೇಲೆ ಕಾಮರ್ಸೋ ಆರ್ಟ್ಸೋ ಎಂದು ಮನೆಯಲ್ಲಿ ಕೇಳಿದಾಗಲೂ ಅರ್ಧ ದಿನದಲ್ಲಿ ಉತ್ತರ ಕೊಟ್ಟೆ. ಆದರೆ ಎರಡು ಹಳೆಯ ಕ್ಯಾಮೆರಾಗಳ ಮುಂದೆ ಮಾತ್ರ ಒಂಬತ್ತು ವಾರ ನಿಂತುಬಿಟ್ಟೆ.

ಎರಡೂ ರೀಲು ಹಾಕುವ ಕ್ಯಾಮೆರಾಗಳು. ಒಂದು ಪೆಂಟಾಕ್ಸ್ ಕೆ ೧೦೦೦. ಇನ್ನೊಂದು ನಿಕಾನ್ ಎಫ್‌ಎಂ ೨. ಎರಡೂ ಜಪಾನಿನ ಕಂಪೆನಿಗಳವು. ಮೊದಲನೆಯದು ೧೯೭೬ರಲ್ಲಿ ಮಾರುಕಟ್ಟೆಗೆ ಬಂದು ೧೯೯೭ರವರೆಗೆ ತಯಾರಾಯಿತು. ಎರಡನೆಯದು ೧೯೮೨ರಿಂದ ೨೦೦೧ರವರೆಗೆ. ಎಂದರೆ, ನಾನು ಹುಟ್ಟುವುದಕ್ಕೆ ಮೊದಲೇ ಎರಡರ ತಯಾರಿಕೆಯೂ ನಿಂತಿತ್ತು. ಎರಡರಲ್ಲೂ ಎಲ್ಲವನ್ನೂ ನಾವೇ ಮಾಡಬೇಕು. ರೀಲನ್ನು ನಾವೇ ಮುಂದಕ್ಕೆ ತಿರುಗಿಸಬೇಕು, ಲೆನ್ಸಿನ ಬಳೆಯನ್ನು ತಿರುವಿ ಚಿತ್ರವನ್ನು ಸ್ಫುಟಗೊಳಿಸಬೇಕು, ಎಷ್ಟು ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂಬುದನ್ನು ನಾವೇ ನಿಶ್ಚಯಿಸಬೇಕು. ಕ್ಯಾಮೆರಾ ತನ್ನ ಅಭಿಪ್ರಾಯವನ್ನು ಸೂಚಿಸಬಲ್ಲದೇ ಹೊರತು ನಮ್ಮ ಕೈ ಹಿಡಿಯಲಾರದು. ಒಳ್ಳೆಯ ಅಧ್ಯಾಪಕರ ಲಕ್ಷಣವೂ ಇದೇ ಎಂದು ಇಲ್ಲಿ ಬರೆದರೆ ಅಂಕಗಳಿಗಾಗಿ ಬರೆದನೆಂದು ಗೆಳೆಯರು ನಗುತ್ತಾರೆ, ಆದ್ದರಿಂದ ಬಿಡುತ್ತೇನೆ.

"ಜೇಬಿನಲ್ಲಿ ಫೋನಿರುವಾಗ ಈ ಕಬ್ಬಿಣದ ಪೆಟ್ಟಿಗೆ ಏತಕ್ಕೆ?" ಎಂದು ಹಾಸ್ಟೆಲಿನಲ್ಲಿ ಕೇಳದವರಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ನನ್ನ ಫೋನಿನಲ್ಲಿ ನಾಲ್ಕು ಸಾವಿರ ಚಿತ್ರಗಳಿವೆ, ಒಂದೂ ಗೋಡೆಯನ್ನೇರಿಲ್ಲ. ಆದರೆ ನಿಜವಾದ ಕಾರಣ ನಮ್ಮ ತಾತ.

ಗುಬ್ಬಿಯಿಂದ ಆರು ಕಿಲೋಮೀಟರು ದೂರದ ಹಳ್ಳಿ ನಮ್ಮದು. ೧೮೮೪ರಲ್ಲಿ ಗುಬ್ಬಿ ಕಂಪೆನಿ ಹುಟ್ಟಿದ ಸೀಮೆ. ಗುಬ್ಬಿ ವೀರಣ್ಣನವರ ಹೆಸರು ಕೇಳಿದರೆ ಇಂದಿಗೂ ಮುದುಕರು ನೆಟ್ಟಗೆ ಕೂರುತ್ತಾರೆ. ಆ ಗಾಳಿ ಬಡಿದದ್ದಕ್ಕೋ ಏನೋ, ನಮ್ಮ ಕಡೆ 'ಕುರುಕ್ಷೇತ್ರ' ನಾಟಕವಾಡದ ಊರಿಲ್ಲ. ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಪಾರ್ಟು ಮಾಡಿದವರಿಗೆ ದುಡ್ಡು ಕೊಡುವುದಿಲ್ಲ, ಪಾರ್ಟು ಮಾಡುವವರೇ ದುಡ್ಡು ಕೊಡಬೇಕು. ಸೀನು, ದೀಪ, ಪೇಟಿ ಮಾಸ್ತರು, ಹೊರಗಿನಿಂದ ಬರುವ ದ್ರೌಪದಿ, ಎಲ್ಲದರ ಖರ್ಚೂ ಪಾತ್ರಗಳ ಮೇಲೆ ಬೀಳುತ್ತದೆ. ದುರ್ಯೋಧನನಿಗೆ ಹೆಚ್ಚು, ವಿದುರನಿಗೆ ಕಡಿಮೆ. ತಾತ ಪ್ರತಿಸಲವೂ ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ಒಂದು ಪಾರ್ಟು ಹಿಡಿಯುತ್ತಿದ್ದರು. ೧೯೭೮ರಲ್ಲಿ ಕರ್ಣನ ಪಾರ್ಟು ಮಾಡಿದಾಗ ಯಾರೋ ಊರೂರು ತಿರುಗುವ ಫೋಟೋಗ್ರಾಫರು ತೆಗೆದ ಚಿತ್ರವೊಂದು ನಮ್ಮ ನಡುಮನೆಯಲ್ಲಿದೆ. ಗಾಜಿನೊಳಗೆ ನೀರಿಳಿದು ಅದರ ನಡುಭಾಗವೆಲ್ಲ ಗಾಜಿಗೆ ಅಂಟಿ ಕಿತ್ತುಹೋಗಿದೆ. ಕಿರೀಟವಿದೆ, ಭುಜಕೀರ್ತಿಯಿದೆ, ಮುಖವಿಲ್ಲ. ನೆಗೆಟಿವು ಯಾರ ಹತ್ತಿರ ಉಳಿಯಿತೋ, ಉಳಿಯಲೇ ಇಲ್ಲವೋ.

ಕಳೆದ ವರ್ಷ ತಾತ, "ಈ ಸಲ ಭೀಷ್ಮನ ಪಾರ್ಟು ತಗಂಡಿವ್ನಿ ಕಣ್ಲಾ. ಇದೇ ಕೊನೇದು. ಮುಂದಿನ ವರ್ಷಕ್ಕೆ ಗಂಟ್ಲು ನಿಲ್ಲಾಕಿಲ್ಲ. ಮೊಕ ಉಳಿಯೋ ಹಂಗೆ ಒಂದು ಪಟ ತೆಗಿ" ಎಂದರು. ತೆಗೆದ ಚಿತ್ರ ಕೆಟ್ಟರೂ ಮತ್ತೆ ಹಾಕಿಸಲು ನೆಗೆಟಿವು ಇರಬೇಕೆಂಬುದು ಅವರ ಹಟ. ನಾಟಕ ಒಂದೇ ರಾತ್ರಿ. ಎರಡನೆಯ ಅವಕಾಶವಿಲ್ಲ.

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದ ಓಣಿಯೊಂದರಲ್ಲಿ ಒಂದು ಸ್ಟುಡಿಯೋ ಇದೆ. ಈಗ ಅಲ್ಲಿ ನಡೆಯುವುದು ಪಾಸ್‌ಪೋರ್ಟ್ ಅಳತೆಯ ಫೋಟೋ, ಜೆರಾಕ್ಸು, ಲ್ಯಾಮಿನೇಷನ್ನು. ಹಿಂಬದಿಯ ಕತ್ತಲೆ ಕೋಣೆಯಲ್ಲಿ ಮಾತ್ರ ಕೆಂಪು ಬಲ್ಬು, ತಟ್ಟೆಗಳು, ಹೈಪೋ ವಾಸನೆ ಇನ್ನೂ ಹಾಗೆಯೇ ಉಳಿದಿವೆ. ಅಲ್ಲಿಯ ಯಜಮಾನರು ಮೊದಲ ವರ್ಷದಿಂದಲೂ ನನಗೆ ಸಂಜೆ ಹೊತ್ತು ರೀಲು ತೊಳೆಯುವುದನ್ನು ಕಲಿಸಿದವರು. ಅವರು ಕೆಲಸ ಆರಂಭಿಸಿದ ದಿನಗಳಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ 'ಇಂದು' ರೀಲುಗಳು ದೊರೆಯುತ್ತಿದ್ದವಂತೆ. ೧೯೬೦ರಲ್ಲಿ ಸ್ಥಾಪನೆಯಾದ ಆ ಸರಕಾರಿ ಕಾರ್ಖಾನೆ ಮುಚ್ಚಿಹೋಗಿದೆ. ಈಗ ರೀಲು ವಿದೇಶದಿಂದ ಬರಬೇಕು, ನಾನು ಕೊಳ್ಳುವ ಕಪ್ಪು-ಬಿಳುಪಿನ ರೀಲೊಂದಕ್ಕೆ ಒಂಬೈನೂರು ರೂಪಾಯಿಯವರೆಗೂ ತೆರಬೇಕು. ಮೂವತ್ತಾರು ಚಿತ್ರಕ್ಕೆ ಒಂಬೈನೂರೆಂದರೆ ಒಂದು ಸಲ ಒತ್ತಿದರೆ ಇಪ್ಪತ್ತೈದು ರೂಪಾಯಿ. ನಮ್ಮ ಕ್ಯಾಂಟೀನಿನ ಲೆಕ್ಕದಲ್ಲಿ ಅದು ಕಾಫಿಯನ್ನೂ ಮೀರಿದ ಬೆಲೆ.

ಯಜಮಾನರ ಬೀರುವಿನಲ್ಲಿದ್ದವು ಆ ಎರಡು ಕ್ಯಾಮೆರಾಗಳು. ವಿಷಯ ಹೇಳಿದಾಗ ಎರಡನ್ನೂ ಮೇಜಿನ ಮೇಲಿಟ್ಟು, "ನೋಡಪ್ಪಾ, ಎರಡೂ ಇಟ್ಟುಕೊಂಡು ನಾನೇನು ಮಾಡಲಿ? ಒಂದನ್ನು ನೀನು ತಗೊ. ಪೆಂಟಾಕ್ಸಿಗೆ ಒಂಬತ್ತು ಸಾವಿರ ಕೊಡು, ನಿಕಾನಿಗೆ ಇಪ್ಪತ್ತೊಂದು" ಎಂದರು. ಎರಡು ಬೇಸಗೆ ರಜೆಗಳಲ್ಲಿ ಮದುವೆ ಮನೆಗಳಿಗೆ ದೀಪ ಹೊತ್ತು ನಾನು ಕೂಡಿಟ್ಟದ್ದು ಹದಿನೈದು ಸಾವಿರ. ಇನ್ನು ಆರು ಸಾವಿರವನ್ನು ಕುಣಿಗಲ್ಲಿನ ಸೋದರಮಾವ ಸಾಲವಾಗಿ ಕೊಡುವೆನೆಂದಿದ್ದರು.

ಕೂಡಲೇ ಪಕ್ಷಗಳು ಹುಟ್ಟಿಕೊಂಡವು. ಫೋಟೋ ಹುಚ್ಚಿನ ಗೆಳೆಯನೊಬ್ಬ ನಿಕಾನಿನ ಪಕ್ಷ. ಅವನ ವಾದದಲ್ಲಿ ಹುರುಳಿತ್ತು. ಪೆಂಟಾಕ್ಸಿನ ಷಟರು ಬಟ್ಟೆಯ ಪರದೆ, ಅಡ್ಡಡ್ಡಲಾಗಿ ಓಡುತ್ತದೆ, ಅದರ ಅತಿ ಹೆಚ್ಚಿನ ವೇಗ ಸೆಕೆಂಡಿನ ಸಾವಿರದಲ್ಲೊಂದು ಪಾಲು. ನಿಕಾನಿನದು ಲೋಹದ ತೆಳು ಪಟ್ಟಿಗಳದು. ಮೇಲಿನಿಂದ ಕೆಳಕ್ಕೆ ಓಡುತ್ತದೆ. ನಾಲ್ಕು ಸಾವಿರದಲ್ಲೊಂದು ಪಾಲಿನವರೆಗೆ ಹೋಗುತ್ತದೆ. ಅದು ಬಂದ ೧೯೮೨ರಲ್ಲಿ ಈ ವೇಗ ಲೋಕಕ್ಕೇ ಬೆರಗಾಗಿತ್ತು. ಫ್ಲಾಶು ಹಾಕುವಾಗ ಪೆಂಟಾಕ್ಸನ್ನು ೧/೬೦ಕ್ಕೆ ಇಳಿಸಬೇಕು; ೧೯೮೪ರಲ್ಲಿ ತಿದ್ದಿದ ನಿಕಾನಿಗೆ ೧/೨೫೦ ಸಾಕು. ಹಗಲಿನ ಮದುವೆಗಳಲ್ಲಿ ಚಪ್ಪರದ ನೆರಳಿಗೆ ಫ್ಲಾಶು ತುಂಬಬೇಕಾದವರಿಗೆ ಇದು ದೊಡ್ಡ ಅನುಕೂಲ. ಯಜಮಾನರು ೧೯೯೪ರಲ್ಲಿ ನಿಕಾನನ್ನು ಕೊಂಡದ್ದೂ ಇದಕ್ಕಾಗಿಯೇ. ನಿಕಾನಿನ ಕಿಂಡಿಯೊಳಗೆ ನೋಡಿದರೆ ಷಟರಿನ ವೇಗ, ಲೆನ್ಸಿನ ಅಂಕೆ ಎರಡೂ ಕಾಣುತ್ತವೆ. ಪೆಂಟಾಕ್ಸಿನಲ್ಲಿ ಕಾಣುವುದು ಒಂದು ಮುಳ್ಳು ಮಾತ್ರ.

ಆ ಮುಳ್ಳಿನ ವಿಷಯ ಸ್ವಲ್ಪ ಹೇಳಬೇಕು. ಕಿಂಡಿಯ ಬಲಬದಿಯಲ್ಲಿ ನಮ್ಮ ಊರಿನ ತಕ್ಕಡಿಯ ಮುಳ್ಳಿನಂತೆ ಅದು ಮೇಲೆ ಕೆಳಗೆ ಆಡುತ್ತದೆ. ನಡುವೆ ನಿಂತರೆ ಬೆಳಕು ಸರಿ, ಮೇಲೇರಿದರೆ ಹೆಚ್ಚು, ಕೆಳಗಿಳಿದರೆ ಕಡಿಮೆ. ಇದನ್ನು ಆರಿಸುವ ಗುಂಡಿಯೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ನಿದ್ರಿಸುತ್ತದೆ, ತೆಗೆದರೆ ಎಚ್ಚರಗೊಳ್ಳುತ್ತದೆ. ನಿಕಾನಿನಲ್ಲಿ ಮುಳ್ಳಿಲ್ಲ; ಸಂಕಲನ, ಸೊನ್ನೆ, ವ್ಯವಕಲನ ಎಂಬ ಮೂರು ಕೆಂಪು ಗುರುತುಗಳು ಹೊತ್ತಿಕೊಳ್ಳುತ್ತವೆ. ಎರಡರಲ್ಲೂ ಬ್ಯಾಟರಿ ಇರುವುದು ಈ ಮೀಟರಿಗಾಗಿ ಮಾತ್ರ. ಬ್ಯಾಟರಿ ಸತ್ತರೂ ಷಟರು ನಡೆಯುತ್ತದೆ.

ಇನ್ನೊಂದು ಸಂಗತಿ ಯಾವ ಪುಸ್ತಕದಲ್ಲೂ ದಪ್ಪಕ್ಷರದಲ್ಲಿರುವುದಿಲ್ಲ. ನಾನು ಎಡಗಣ್ಣಿನಿಂದ ನೋಡುವವನು. ನಿಕಾನಿನ ರೀಲು ತಿರುಗಿಸುವ ಲಿವರನ್ನು ಸ್ವಲ್ಪ ಹೊರಕ್ಕೆಳೆದಿಟ್ಟರೇ ಷಟರಿನ ಬೀಗ ಬಿಚ್ಚುವುದು. ಹೀಗೆ ಹೊರಚಾಚಿದ ಲಿವರು ಎಡಗಣ್ಣಿನವನ ಹುಬ್ಬಿನ ನಡುವೆ ನೇರವಾಗಿ ನಾಟುತ್ತದೆ. ಬಲಗಣ್ಣಿನ ಲೋಕಕ್ಕೆ ಈ ದುಃಖ ತಿಳಿಯದು. ಮೊದಲ ದಿನ ನನ್ನ ಹಣೆಯ ಮೇಲಿನ ಕೆಂಪು ಗುರುತನ್ನು ನೋಡಿ ಕ್ಲಾಸಿನಲ್ಲಿ ಯಾರೋ, "ಯಾವ ದೇವಸ್ಥಾನಕ್ಕೆ ಹೋಗಿದ್ದೆ?" ಎಂದು ಕೇಳಿದರು.

ಯಜಮಾನರು ದೊಡ್ಡ ಮನಸ್ಸು ಮಾಡಿ, "ಎರಡನ್ನೂ ತಗೊಂಡು ಹೋಗು, ಎರಡಕ್ಕೂ ಒಂದೇ ಜಾತಿಯ ರೀಲು ಹಾಕು, ಬಿಸಿಲಲ್ಲಿ ಅರ್ಧ, ಕತ್ತಲಲ್ಲಿ ಅರ್ಧ ತೆಗೆದು ಬಾ" ಎಂದರು.

ಬಿಸಿಲಿಗಾಗಿ ಕುಣಿಗಲ್ಲಿಗೆ ಹೋದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆ ಅದು. ಮಾವನೊಡನೆ ಏರಿಯ ಮೇಲೆ ನಿಂತೆ. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅಂಚಿನಲ್ಲಿ ಎಮ್ಮೆಗಳು ಮಲಗಿದ್ದವು. ಮೀಟರೆಂಬುದು ಲೋಕದಲ್ಲಿ ಎಲ್ಲವೂ ನಡುಬೂದು ಬಣ್ಣದ್ದೆಂದು ನಂಬಿದ ವೇದಾಂತಿ. ಹೊಳೆಯುವ ನೀರನ್ನು ಕಂಡು ಪೆಂಟಾಕ್ಸಿನ ಮುಳ್ಳು ಮೇಲಕ್ಕೆ ಹಾರಿತು. ನಿಕಾನಿನ ಸಂಕಲನದ ಗುರುತೂ ಹೊತ್ತಿಕೊಂಡಿತು. ಎರಡೂ ಬೆಳಕನ್ನು ತಗ್ಗಿಸು ಎಂದೇ ಹೇಳಿದವು. ಅವುಗಳ ಮಾತು ಕೇಳಿದ್ದರೆ ಎಮ್ಮೆಗಳು ಇದ್ದಿಲ ಮುದ್ದೆಗಳಾಗುತ್ತಿದ್ದವು. ಯಜಮಾನರು ಕಲಿಸಿದ್ದ ಹಳೆಯ ಸೂತ್ರವನ್ನೇ ಹಿಡಿದೆ: ನೆತ್ತಿಯ ಬಿಸಿಲಿನಲ್ಲಿ ಲೆನ್ಸು ಹದಿನಾರಕ್ಕೆ, ರೀಲಿನ ವೇಗ ನಾನೂರಾದರೆ ಷಟರು ಅದಕ್ಕೆ ಹತ್ತಿರದ ಐನೂರಕ್ಕೆ. ಮೀಟರು ಬೇಡವೇ ಬೇಡ.

ಕುಣಿಗಲ್ ಎಂದೊಡನೆ ನಿಕಾನಿನ ಪಕ್ಷದ ಗೆಳೆಯ ಕುದುರೆಯ ಮಾತೆತ್ತಿದ್ದ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ಓಡುವ ಕುದುರೆಯನ್ನು ಹಿಡಿಯಲು ನಾಲ್ಕು ಸಾವಿರದಲ್ಲೊಂದು ಪಾಲೇ ಬೇಕೆಂದು ಅವನ ವಾದ. ಆದರೆ ೧೮೭೮ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತ ಸಾಲಾಗಿ ಕ್ಯಾಮೆರಾಗಳನ್ನು ಹೂಡಿ, ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲ ಬಿಟ್ಟಿರುತ್ತವೆಂದು ತೋರಿಸಿದನಲ್ಲ, ಅವನ ಹತ್ತಿರ ಇದ್ದದ್ದು ರೀಲಲ್ಲ, ಔಷಧ ಸವರಿದ ಗಾಜಿನ ಫಲಕಗಳು. ಪೆಂಟಾಕ್ಸಿನ ಸಾವಿರದಲ್ಲೊಂದು ಪಾಲು ಕುದುರೆಗೆ ಧಾರಾಳವಾಯಿತು. ಅಂದು ನನ್ನ ಮುಂದೆ ಓಡಿದ್ದು ಕುದುರೆಯಲ್ಲ, ಮಾವನ ಮನೆಯ ಹೋರಿಗರು. ಅದಕ್ಕೆ ಐನೂರೇ ಸಾಕಾಯಿತು. ಮಾವ ಎರಡನ್ನೂ ಕೈಯಲ್ಲಿ ತೂಗಿ ನೋಡಿ, "ಎರಡೂ ಒಂದೇ ಅಲ್ವೇನಪ್ಪ? ಸಾಲ ಬೇಕಾದ್ದು ಯಾವುದಕ್ಕೆ?" ಎಂದರು.

ಕತ್ತಲೆಗಾಗಿ ಊರಿಗೆ ಹೋದೆ. ದೇವಸ್ಥಾನದ ಜಗಲಿಯಲ್ಲಿ ತಾಲೀಮು. ಮಾಡಿಗೆ ತೂಗಿದ ಎರಡು ಬಲ್ಬು. ಪೇಟಿ ಮಾಸ್ತರರ ಗದರಿಕೆ. ತಾತ ಎದೆಯ ಮೇಲೆ ಕೈಯಿಟ್ಟು ಕಂದ ಹಾಡುತ್ತಿದ್ದರು. ಇಲ್ಲಿ ನಿಜವಾದ ವ್ಯತ್ಯಾಸ ಕಂಡಿತು. ಪೆಂಟಾಕ್ಸಿನ ಕಪ್ಪು ಮುಳ್ಳು ಕತ್ತಲೆಯ ಹಿನ್ನೆಲೆಯಲ್ಲಿ ಕರಗಿಹೋಯಿತು. ಎಷ್ಟು ಕಣ್ಣು ಕಿರಿದು ಮಾಡಿದರೂ ಕಾಣದು. ನಿಕಾನಿನ ಕೆಂಪು ಗುರುತುಗಳು ಬೆಂಕಿಯ ಕಿಡಿಗಳಂತೆ ಕಂಡವು. ಆದರೂ ಪೆಂಟಾಕ್ಸಿಗೆ ದಾರಿಯಿಲ್ಲದಿಲ್ಲ. ಬಲ್ಬಿನ ಕೆಳಗೆ ನನ್ನ ಅಂಗೈಯನ್ನು ಹಿಡಿದು ಅದನ್ನೇ ಕಿಂಡಿ ತುಂಬ ನೋಡಿದಾಗ ಮುಳ್ಳು ಅಂಗೈಯ ಮೇಲೆ ಕಪ್ಪಾಗಿ ಕಾಣಿಸಿತು. ಅಂಗೈ ಬೂದುಬಣ್ಣಕ್ಕಿಂತ ಬೆಳ್ಳಗಿರುವುದರಿಂದ ಮೀಟರು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡಬೇಕು. ಒಮ್ಮೆ ಹೀಗೆ ಅಳೆದರೆ ಬಲ್ಬು ಬದಲಾಗುವವರೆಗೆ ಮತ್ತೆ ಅಳೆಯಬೇಕಾಗಿಲ್ಲ. ತಾತ ಹಾಡು ನಿಲ್ಲಿಸಿ, "ಅದ್ಯಾಕ್ಲಾ ಕೈ ನೋಡ್ಕಂತೀಯ, ಶಾಸ್ತ್ರ ಕೇಳ್ತೀಯಾ?" ಎಂದಾಗ ಪಾಂಡವರೂ ಕೌರವರೂ ಒಟ್ಟಿಗೆ ನಕ್ಕರು.

ಎರಡು ರೀಲನ್ನೂ ಒಂದೇ ಸಂಜೆ ತೊಳೆದೆವು. ದ್ರಾವಣ ಇಪ್ಪತ್ತು ಡಿಗ್ರಿಯಲ್ಲಿರಬೇಕು. ತುಮಕೂರಿನ ಮಾರ್ಚಿ ತಿಂಗಳ ನಲ್ಲಿ ನೀರಿಗೆ ಆ ನಿಯಮ ತಿಳಿಯದು. ಎದುರು ಅಂಗಡಿಯಿಂದ ಮಂಜುಗಡ್ಡೆ ತಂದು ಡಬ್ಬಿಯ ಸುತ್ತ ಸುರಿದೆವು. ಒಣಗಲು ತಂತಿಗೆ ನೇತುಹಾಕಿದ ಎರಡು ಪಟ್ಟಿಗಳನ್ನು ಯಜಮಾನರು ಭೂತಗನ್ನಡಿ ಹಿಡಿದು ನೋಡಿದರು. "ಎಡಗಡೆಯದು ನಿಕಾನು" ಎಂದರು. ಅದು ಪೆಂಟಾಕ್ಸು. ಎರಡನ್ನೂ ಮೂವತ್ತು ವರ್ಷ ಬಳಸಿದವರಿಗೇ ಗುರುತು ಸಿಕ್ಕಲಿಲ್ಲ. ಎಮ್ಮೆ ಎಮ್ಮೆಯಂತೆ ಇತ್ತು, ತಾತ ತಾತನಂತೆ ಇದ್ದರು. ಚಿತ್ರ ಮೂಡುವುದು ಲೆನ್ಸಿನಿಂದ, ರೀಲಿನಿಂದ. ಕ್ಯಾಮೆರಾದ ಮೈಯೆಂಬುದು ಬೆಳಕು ನುಗ್ಗದ ಪೆಟ್ಟಿಗೆ, ಸರಿಯಾದ ಕ್ಷಣದಲ್ಲಿ ಸರಿಯುವ ಒಂದು ಪರದೆ, ಅಷ್ಟೆ.

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಪೆಂಟಾಕ್ಸೇ ಸರಿ. ಹನ್ನೆರಡು ಸಾವಿರ ಉಳಿಯುತ್ತದೆ. ಸಾಲವಿಲ್ಲ, ಹಣೆಗೆ ಗಾಯವಿಲ್ಲ, ಉಳಿದ ಆರು ಸಾವಿರಕ್ಕೆ ಆರು ರೀಲು ಬರುತ್ತದೆ. ಮರುದಿನ ಹೋಗಿ ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕತ್ತಲೆ ಕೆಲಸಕ್ಕೆ ನಿಕಾನೇ ಒಳ್ಳೆಯದಲ್ಲವೇ? ಹದಿನೇಳಕ್ಕೆ ಕೊಡುತ್ತೇನೆ, ಯೋಚನೆ ಮಾಡು" ಎಂದರು. ಯೋಚನೆ ಮಾಡಿದೆ, ಪೆಂಟಾಕ್ಸೇ ಎಂದೆ. ಮುಂದಿನ ವಾರ ನಿಕಾನಿನ ಬೆಲೆ ಹದಿನಾಲ್ಕಕ್ಕೆ ಇಳಿದಿತ್ತು. ಯಾರೂ ಕೇಳದಿರುವಾಗ ವಾರಕ್ಕೆ ಮೂರು ಸಾವಿರ ಇಳಿಯುವ ಸರಕನ್ನು ನಾನು ಮಂಡಿಪೇಟೆಯಲ್ಲೂ ಕಂಡಿಲ್ಲ.

ಆಗ ಒಂದು ವಿಷಯ ಗಮನಕ್ಕೆ ಬಂತು. ಪೆಂಟಾಕ್ಸಿನ ಲೆನ್ಸನ್ನು ಕೂರಿಸುವಾಗ ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ನಿಕಾನಿನದನ್ನು ಅದಕ್ಕೆ ವಿರುದ್ಧವಾಗಿ. ಒಂದರ ಲೆನ್ಸು ಇನ್ನೊಂದಕ್ಕೆ ಕೂರುವುದೂ ಇಲ್ಲ. ನಿಕಾನನ್ನು ಕೊಂಡು ಮೂವತ್ತು ವರ್ಷವಾದರೂ ಯಜಮಾನರ ಕೈ ಅದರ ಲೆನ್ಸನ್ನು ಮೊದಲು ತಪ್ಪು ದಿಕ್ಕಿಗೇ ತಿರುಗಿಸುತ್ತಿತ್ತು; ಆಮೇಲೆ ತಿದ್ದಿಕೊಳ್ಳುತ್ತಿತ್ತು. ಪೆಂಟಾಕ್ಸನ್ನು ಅವರು ನೋಡದೆಯೇ ಬಿಚ್ಚಿ ಕೂಡಿಸುತ್ತಿದ್ದರು. ಅದರ ಮೂಲೆಗಳಲ್ಲಿ ಕರಿಯ ಬಣ್ಣ ಸವೆದು ಒಳಗಿನ ಲೋಹ ಹೊಳೆಯುತ್ತಿತ್ತು. ಬೆರಳು ಎಲ್ಲೆಲ್ಲಿ ಕೂರುತ್ತದೋ ಅಲ್ಲಲ್ಲೇ ಸವೆದಿತ್ತು.

ಆ ಸಂಜೆ ಅವರ ಮನೆಯವರು ಕಾಫಿ ತಂದುಕೊಟ್ಟು, ಯಜಮಾನರು ಜೆರಾಕ್ಸಿಗೆಂದು ಮುಂದಕ್ಕೆ ಹೋದಾಗ ಮೆಲ್ಲಗೆ ಹೇಳಿದರು: "ಎಂಬತ್ತಾರರಲ್ಲಿ ಸಾಲ ಮಾಡಿ ತಂದಿದ್ದು ಅದು. ಅಂಗಡಿ ಅಂತ ಆಗಿದ್ದೇ ಅದರಿಂದ. ಅವರು ಬಾಯಿಬಿಟ್ಟು ಹೇಳಲ್ಲ ಕಣಪ್ಪ, ನಿನಗೆ ಇಲ್ಲ ಅನ್ನೋಕೂ ಮನಸ್ಸಿಲ್ಲ."

ಮೀಟರು, ಷಟರು, ಲಿವರು, ರೀಲಿನ ಲೆಕ್ಕ ಎಲ್ಲವೂ ಪೆಂಟಾಕ್ಸಿನ ಕಡೆಗೇ ತೂಗಿದ್ದವು. ಅವನ್ನೆಲ್ಲ ಬರೆದಿಟ್ಟಿದ್ದ ಹಾಳೆ ನನ್ನ ಜೇಬಿನಲ್ಲೇ ಇತ್ತು. ಯಜಮಾನರು ಒಳಗೆ ಬಂದ ಮೇಲೆ, "ಸಾರ್, ಯೋಚಿಸಿ ನೋಡಿದೆ. ತಾತನ ನಾಟಕ ರಾತ್ರಿ, ದೀಪವೂ ಬದಲಾಗುತ್ತಿರುತ್ತದೆ. ನಿಕಾನೇ ಇರಲಿ" ಎಂದೆ. ಅವರು ಹದಿನಾಲ್ಕು ಸಾವಿರವನ್ನು ಎಣಿಸದೆ ಮೇಜಿನ ಖಾನೆಗೆ ಹಾಕಿ, ಎರಡು ರೀಲುಗಳನ್ನೂ ಹೊಸ ಬ್ಯಾಟರಿಯನ್ನೂ ಸುಮ್ಮನೆ ಕೊಟ್ಟರು. ಪೆಂಟಾಕ್ಸನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ಮಾತ್ರ ಸ್ವಲ್ಪ ಬೇಗಲೇ ಆಯಿತೆಂದು ನನಗನ್ನಿಸಿತು.

ಇನ್ನು ನಾಟಕ. ರಾತ್ರಿ ಒಂಬತ್ತೂವರೆಗೆಂದು ಕರಪತ್ರದಲ್ಲಿತ್ತು; ಹನ್ನೊಂದಕ್ಕೆ ಪರದೆ ಎದ್ದಿತು. ನಡುನಡುವೆ ಹಾರ, ಶಾಲು, ಸನ್ಮಾನ, ದಾನಿಗಳ ಹೆಸರು. ಭೀಷ್ಮನ ಸರದಿ ಬರುವಾಗ ಎರಡು ಗಂಟೆ ದಾಟಿತ್ತು. ಬಣ್ಣದ ದೀಪದವನು ಯಾರ ಅಂಕೆಗೂ ಸಿಕ್ಕುವವನಲ್ಲ. ಬಿಳಿಯದನ್ನು ಕೆಂಪು ಮಾಡುತ್ತಿದ್ದ, ಕೆಂಪನ್ನು ನೀಲಿ ಮಾಡುತ್ತಿದ್ದ. ಕೆಂಪು ಗುರುತುಗಳು ನಿಜಕ್ಕೂ ಉಪಕಾರಕ್ಕೆ ಬಂದವು. ತಾತನ ಹತ್ತಿಯ ಗಡ್ಡದ ಬಿಳುಪಿಗೆ ಅವೂ ಮೋಸ ಹೋಗದಿರಲೆಂದು, ಬಣ್ಣ ಹಚ್ಚಿದ ಕೆನ್ನೆಯನ್ನಷ್ಟೇ ಹತ್ತಿರದಿಂದ ಅಳೆದುಕೊಂಡಿದ್ದೆ. ಷಟರು ಅರವತ್ತರಲ್ಲೊಂದು ಪಾಲು. ಲೆನ್ಸು ಪೂರ್ತಿ ತೆರೆದದ್ದು. ತಾತ ನಿಂತು ಹಾಡುವಾಗ ಕ್ಯಾಮೆರಾವನ್ನೂ ನಿಲ್ಲಿಸಿ ಹಿಡಿದೆ. ಹಾಗೆ ಹಿಡಿದರೆ ಲಿವರು ಹುಬ್ಬಿಗೆ ತಾಗುವುದಿಲ್ಲ. ಆದರೆ ನಮ್ಮ ತಂಡದವರು ಶರಶಯ್ಯೆಯ ಸೀನನ್ನು ಬಿಡುವವರಲ್ಲ. ಮಲಗಿದ ಭೀಷ್ಮನಿಗೆ ಕ್ಯಾಮೆರಾವನ್ನೂ ಮಲಗಿಸಲೇಬೇಕು. ಹನ್ನೆರಡು ಸಲ ಒತ್ತಿದೆ. ಹನ್ನೆರಡು ಸಲವೂ ಹಣೆಗೆ ಬಿತ್ತು.

ಆ ಹನ್ನೆರಡರಲ್ಲಿ ಒಂಬತ್ತು ಅಲುಗಿವೆ. ಮೂರು ಚೆನ್ನಾಗಿವೆ. ನಿಂತ ಭೀಷ್ಮನದೊಂದನ್ನು ಯಜಮಾನರೇ ಆರಿಸಿ, ಹತ್ತು ಹನ್ನೆರಡು ಅಂಗುಲದ ಕಾಗದಕ್ಕೆ ಹಾಕಿ, ಹೈಪೋ ಹೋಗುವವರೆಗೆ ಒಂದು ಗಂಟೆ ತೊಳೆದರು. ಗಾಜಿಗೆ ಅಂಟದಂತೆ ನಡುವೆ ರಟ್ಟಿನ ಚೌಕಟ್ಟು ಕೊಡಿಸಿದರು. ಚಿತ್ರ ಈಗ ನಮ್ಮ ನಡುಮನೆಯಲ್ಲಿ, ಮುಖವಿಲ್ಲದ ಕರ್ಣನ ಪಕ್ಕದಲ್ಲಿದೆ. ತಾತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಗಡ್ಡ ಹತ್ತೀದು ಅಂತ ಗೊತ್ತೇ ಆಗಾಕಿಲ್ಲ" ಎಂದರು. ನೆಗೆಟಿವನ್ನು ಕವರಿಗೆ ಹಾಕಿ ತಮ್ಮ ಪಹಣಿ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾರೆ, ನನಗೂ ಕೊಡುವುದಿಲ್ಲ.

ಯಜಮಾನರು ಅಂಗಡಿ ಮುಚ್ಚುವ ಮುಂಚೆ ಪೆಂಟಾಕ್ಸನ್ನು ತೆಗೆದು, ರೀಲಿಲ್ಲದೆಯೇ ನಾಲ್ಕಾರು ಸಲ ತಿರುಗಿಸಿ ಒತ್ತಿ, ಮತ್ತೆ ಒಳಗಿಡುತ್ತಾರೆ, ಷಟರು ಜಡ್ಡುಗಟ್ಟಬಾರದಂತೆ. ಅವರು ಸುಮ್ಮನೆ ಕೊಟ್ಟ ಎರಡು ರೀಲುಗಳಲ್ಲಿ ಒಂದು ನನ್ನ ಹತ್ತಿರ ಇನ್ನೂ ಉಳಿದಿದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಅವರ ಪೆಂಟಾ‌ಕ್ಸಿಗೇ ಹಾಕಿಸಿ, ಒಂದು ಭಾನುವಾರ ಕುಣಿಗಲ್ ಕೆರೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಮಾವನಿಗೆ ಈಗಾಗಲೇ ಹೇಳಿಯಾಗಿದೆ.